ಕಾಟಾದ ಮೇಲೆ ಬುತ್ತಿ

ಜೇವರ್ಗಿ ತಾಲ್ಲೂಕಿನ ನಮ್ಮ ಚಿಗವ್ವನ ಮನೆಯ ಪಡಸಾಲೆಗೆ ಒಂದು ರಾತ್ರಿ ಕಿರಾಣಿ ಅಂಗಡಿಯ ಕಾಟಾ ಬಂದು ಕೂತಿತ್ತು. ಓದಲು ಅಮೆರಿಕಕ್ಕೆ ಹೊರಟ ಮೊಮ್ಮಗನ ಸೂಟ್‌ಕೇಸುಗಳನ್ನು ತೂಗಬೇಕಿತ್ತು. ಒಂದೊಂದಕ್ಕೆ 23 ಕಿಲೊ ಮಿತಿ. ಮೊದಲನೆಯದು 26.5 ತೋರಿಸಿತು. ಮೂರೂವರೆ ಕಿಲೊ ತೆಗೆಯಬೇಕು ಎಂದಾಗ ಹುಡುಗ ಶೇಂಗಾ ಹಿಂಡಿಯ ಡಬ್ಬಿಗೆ ಕೈ ಹಾಕಿದ. ಚಿಗವ್ವ ಆ ಕೈಯನ್ನು ಸರಿಸಿ ಎರಡು ಜೀನ್ಸ್ ಪ್ಯಾಂಟು ಎತ್ತಿ ಹೊರಗಿಟ್ಟಳು. "ಪ್ಯಾಂಟ ಅಲ್ಲೂ ಸಿಗ್ತಾವ. ಹಿಂಡಿ ಯಾರ್ ಕುಟ್ಟಿ ಕೊಡ್ತಾರ?"

ವಿಮಾನಕ್ಕೆ ಸಾಮಾನು ಕಟ್ಟುವುದು ಹೇಗೆ ಎಂದು ಬರೆಯುವವರು ಸಾಮಾನ್ಯವಾಗಿ ಬಟ್ಟೆ ಮಡಿಸುವುದರಿಂದ ಶುರು ಮಾಡುತ್ತಾರೆ. ಉರುಳೆ ಸುತ್ತಬೇಕು, ಸಾಕ್ಸನ್ನು ಬೂಟಿನೊಳಗೆ ತುರುಕಬೇಕು ಇತ್ಯಾದಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರ ತೊಂದರೆ ಬಟ್ಟೆಯದಲ್ಲ. ನಮ್ಮಲ್ಲಿ ಬ್ಯಾಗು ತುಂಬುವವರು ಪ್ರಯಾಣಿಕರಲ್ಲ, ಮನೆಯಲ್ಲಿ ಉಳಿಯುವವರು. ಅವ್ವ ರೊಟ್ಟಿ ಬಡಿಯುತ್ತಾಳೆ, ಅತ್ತಿ ಉಂಡಿ ಕಟ್ಟುತ್ತಾಳೆ, ಪಕ್ಕದ ಮನೆಯವರು ಅಗಸಿ ಹಿಂಡಿ ತಂದುಕೊಡುತ್ತಾರೆ, ಅಪ್ಪ ಹೊಲದ ತೊಗರಿಯಿಂದ ಒಡೆಸಿದ ಬೇಳೆಯನ್ನು ಚೀಲದಲ್ಲಿ ಹಾಕಿ ಸುಮ್ಮನೆ ಮೂಲೆಗೆ ಇಡುತ್ತಾರೆ. ಬೇಡ ಎನ್ನುವುದು ಹೇಗೆ? ಹಾಗಾಗಿ ಈ ಬರಹ ಬಟ್ಟೆಯ ಬಗ್ಗೆ ಕಡಿಮೆ, ಬುತ್ತಿಯ ಬಗ್ಗೆ ಹೆಚ್ಚು.

ತೂಕದ ಲೆಕ್ಕವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಎಪಿಎಂಸಿಯ ಲೆಕ್ಕಕ್ಕೂ ವಿಮಾನ ನಿಲ್ದಾಣದ ಲೆಕ್ಕಕ್ಕೂ ಒಂದು ವ್ಯತ್ಯಾಸವಿದೆ, ಅಲ್ಲೇ ಎಲ್ಲರೂ ಸೋಲುತ್ತಾರೆ. ತೊಗರಿ ಮಾರುವಾಗ ಗೋಣಿಚೀಲದ ತೂಕವನ್ನು ಕಳೆಯುತ್ತಾರೆ. ವಿಮಾನದವರು ಚೀಲವನ್ನೂ ಕಾಳಿನ ಲೆಕ್ಕಕ್ಕೆ ಸೇರಿಸುತ್ತಾರೆ. ದೊಡ್ಡ ಗಟ್ಟಿ ಸೂಟ್‌ಕೇಸು ಖಾಲಿ ಇದ್ದಾಗಲೇ ನಾಲ್ಕರಿಂದ ಐದು ಕಿಲೊ ತೂಗುತ್ತದೆ. 23ರಲ್ಲಿ 5 ಹೋದರೆ ಉಳಿಯುವುದು 18. ಅಂದರೆ ಅಂಗಡಿಯಲ್ಲಿ ಬಣ್ಣ, ಹೊಳಪು, ಜಿಪ್ಪು ನೋಡುವುದಕ್ಕಿಂತ ಮೊದಲು ಖಾಲಿ ಬ್ಯಾಗನ್ನು ಎತ್ತಿ ನೋಡಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಿಂತು ನಾನು ಇದನ್ನು ಮಾಡುವಾಗ ಅಂಗಡಿಯಾತ ವಿಚಿತ್ರವಾಗಿ ನೋಡಿದ್ದ. ಎತ್ತಿನ ಹಲ್ಲು ಎಣಿಸಿ ಕೊಳ್ಳುವ ಊರಿನವರಿಗೆ ಇದರಲ್ಲಿ ನಾಚಿಕೆ ಯಾಕೆ?

ಮಿತಿಗಳು ಇಷ್ಟು. ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ದರ್ಜೆಯ ಟಿಕೆಟಿಗೆ ಹೆಚ್ಚಾಗಿ 15 ಕಿಲೊ ಚೆಕ್-ಇನ್ ಸಾಮಾನು, ಕೈಯಲ್ಲಿ 7 ಕಿಲೊದ ಒಂದೇ ಬ್ಯಾಗು. ಕೈಬ್ಯಾಗಿನ ಅಳತೆ 55, 35, 25 ಸೆಂಟಿಮೀಟರಿನೊಳಗೆ ಇರಬೇಕು. ಮೂರನ್ನೂ ಕೂಡಿದರೆ 115. ಅಮೆರಿಕದ ಕಡೆ ಹೋಗುವ ವಿಮಾನಗಳಲ್ಲಿ ಬಹುತೇಕ ಕಿಲೊ ಜೊತೆಗೆ ಸಂಖ್ಯೆಯ ಲೆಕ್ಕವೂ ಇದೆ: ಇಂತಿಷ್ಟು ಬ್ಯಾಗು, ಒಂದೊಂದು 23 ಕಿಲೊ, ಉದ್ದ ಅಗಲ ಎತ್ತರ ಕೂಡಿದರೆ 158 ಸೆಂಟಿಮೀಟರ್. ಕೊಲ್ಲಿ ದೇಶಗಳ ಕಡೆ ಹಲವು ಕಂಪನಿಗಳು ಒಟ್ಟು ತೂಕ ಮಾತ್ರ ನೋಡುತ್ತವೆ. ಟಿಕೆಟಿನ ಮೇಲೆ ಬರೆದದ್ದೇ ಕೊನೆಯ ಮಾತು. ಹಣ ಎಷ್ಟು ಕೊಟ್ಟರೂ ಒಂದೇ ಬ್ಯಾಗು 32 ಕಿಲೊ ದಾಟುವಂತಿಲ್ಲ, ಯಾಕೆಂದರೆ ಅದನ್ನು ವಿಮಾನದ ಹೊಟ್ಟೆಗೆ ಎತ್ತಿ ಹಾಕುವವನೂ ಮನುಷ್ಯ. ಈ ನಿಯಮವನ್ನು ನಮ್ಮ ಅಡತಿಯ ಹಮಾಲರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಅಂಥ ನಿಯಮ ತಮಗೂ ಇದ್ದಿದ್ದರೆ ಎನ್ನುತ್ತಾರೆ.

ನಾವು ವಿಮಾನ ಹತ್ತುವ ಜಾಗವೂ ಬ್ಯಾಗಿನ ಆಯ್ಕೆಯನ್ನು ನಿರ್ಧರಿಸುತ್ತದೆ. ಕಲಬುರಗಿಗೆ ತನ್ನದೇ ವಿಮಾನ ನಿಲ್ದಾಣ ಬಂದದ್ದು 2019ರ ನವೆಂಬರ್ 22ರಂದು, ಶ್ರೀನಿವಾಸ ಸರಡಗಿಯ ಹತ್ತಿರ. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಮೊದಲು ಹಾರಿದ್ದು ಸ್ಟಾರ್ ಏರ್‌ನ 50 ಆಸನಗಳ ಎಂಬ್ರೇರ್ 145. ಆಮೇಲೆ ದಿಲ್ಲಿ ಬಳಿಯ ಹಿಂಡನ್, ತಿರುಪತಿ ಎಂದು ಮಾರ್ಗಗಳು ಬಂದವು, ಹೋದವು. ಆ ಪುಟ್ಟ ವಿಮಾನದೊಳಗೆ ಹೊಕ್ಕವರಿಗೆ ನೆನಪಿರಬಹುದು: ಒಂದು ಕಡೆ ಒಂಟಿ ಆಸನ, ಇನ್ನೊಂದು ಕಡೆ ಜೋಡಿ ಆಸನ, ಸಾಮಾನಿಡುವ ಗೂಡು ಜೋಡಿ ಆಸನದ ಮೇಲೆ ಮಾತ್ರ. ದೊಡ್ಡ ವಿಮಾನಕ್ಕೆ ಸರಿಹೋಗುವ ಗಟ್ಟಿ ಕೈಬ್ಯಾಗು ಅಲ್ಲಿ ಹಿಡಿಸುವುದಿಲ್ಲ. ಏಣಿಯ ಬುಡದಲ್ಲೇ ಅದನ್ನು ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಇಂಥ ವಿಮಾನಗಳಿಗೆ ಬಟ್ಟೆಯ ಮೆತ್ತನೆ ಬ್ಯಾಗೇ ಮೇಲು. ಒತ್ತಿದರೆ ಒಳಗೆ ಕೂರುತ್ತದೆ.

ವಿದೇಶಕ್ಕೆ ಹೋಗುವವರಿಗೆ ಮಾತ್ರ ಇಂದಿಗೂ ದಾರಿ ಹೈದರಾಬಾದಿನದೇ. ಹುಮನಾಬಾದ್, ಜಹೀರಾಬಾದ್ ಹಾದು ಶಂಶಾಬಾದ್ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿಂದಲೂ 2025ರಲ್ಲಿ ಹಾರಾಟ ಶುರುವಾಗಿದೆ. ಹೀಗಾಗಿ ನಮ್ಮ ಬ್ಯಾಗು ವಿಮಾನಕ್ಕಿಂತ ಮೊದಲು ಎರಡು ಮೂರು ಪರೀಕ್ಷೆ ದಾಟಬೇಕು: ಅಂಗಳದ ಎರೆಮಣ್ಣು, ಟಂಟಂ ಗಾಡಿಯ ಹಿಂಬದಿ, ಬಸ್ಸಿನ ಡಿಕ್ಕಿ ಅಥವಾ ಜೀಪಿನ ಮಾಳಿಗೆ. ನಾಲ್ಕು ಪುಟ್ಟ ಚಕ್ರಗಳ ಮೇಲೆ ಸುಯ್ಯನೆ ತಿರುಗುವ ಸೂಟ್‌ಕೇಸು ಶಂಶಾಬಾದಿನ ನುಣುಪು ನೆಲಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಅಫಜಲಪುರದ ಯಾವುದೋ ಹಳ್ಳಿಯ ಅಂಗಳದಲ್ಲಿ ಅದನ್ನು ಎರಡು ಮಾರು ಎಳೆಯಿರಿ, ಚಕ್ರದ ಸಂದಿಗೆ ಎರೆ ಮೆತ್ತಿ ನಿಂತುಬಿಡುತ್ತದೆ. ಎರಡು ದಪ್ಪ ಚಕ್ರ, ಅರ್ಧ ದೇಹದೊಳಗೆ ಹುದುಗಿರುವಂಥವು, ಹೆಚ್ಚು ದಿನ ಬಾಳುತ್ತವೆ. ನನ್ನ ಮತ ಅದಕ್ಕೇ.

ಅಂದಹಾಗೆ ಪೆಟ್ಟಿಗೆಗೆ ಚಕ್ರ ಬಂದದ್ದು ಬಹಳ ತಡವಾಗಿ. ಚಕ್ಕಡಿ ಕಟ್ಟಿ ಸಾವಿರಾರು ವರ್ಷ ಕಳೆದ ಮೇಲೆ, 1972ರಲ್ಲಿ, ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವರು ಚಕ್ರದ ಸೂಟ್‌ಕೇಸಿಗೆ ಪೇಟೆಂಟ್ ಪಡೆದರು. ಅದನ್ನು ಪಟ್ಟಿ ಹಿಡಿದು ಕರುವಿನಂತೆ ಎಳೆಯಬೇಕಿತ್ತು. ಈಗಿನಂತೆ ಹಿಡಿಕೆ ಮೇಲೆಳೆದು ಎರಡು ಚಕ್ರದ ಮೇಲೆ ವಾಲಿಸಿ ಎಳೆಯುವುದನ್ನು 1987ರಲ್ಲಿ ರೂಪಿಸಿದ್ದು ರಾಬರ್ಟ್ ಪ್ಲಾತ್ ಎಂಬ ಪೈಲಟ್. ಅಷ್ಟೊತ್ತಿಗೆ ನಮ್ಮಲ್ಲಿ ಮದುವೆಯ ಟ್ರಂಕಿನ ಜಾಗಕ್ಕೆ ವಿಐಪಿ ಸೂಟ್‌ಕೇಸು ಬಂದಿತ್ತು, ಮತ್ತು ಅದನ್ನು ಹೊರಲು ಮದುಮಗನ ತಮ್ಮಂದಿರಿದ್ದರು. ಚಕ್ರದ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಈಗ ರೊಟ್ಟಿಗೆ ಬರೋಣ. ಖಡಕ್ ರೊಟ್ಟಿಯಷ್ಟು ಬುದ್ಧಿವಂತ ಪ್ರಯಾಣದ ಆಹಾರ ಇನ್ನೊಂದಿಲ್ಲ. ನೀರಿನಂಶ ಬಹುತೇಕ ಹೋಗಿರುವುದರಿಂದ ಬೂಷ್ಟು ಹಿಡಿಯುವುದಿಲ್ಲ, ತೂಕವೂ ಇಲ್ಲ. ತೆಳ್ಳಗೆ ಬಡಿದವನ್ನು ನಮ್ಮ ಮನೆಯಲ್ಲಿ ತೂಗಿದಾಗ ಕಿಲೊಗೆ ಇಪ್ಪತ್ತೈದರ ಆಸುಪಾಸು ಬಂದವು. ವೈರಿ ಒಂದೇ, ಒಡೆಯುವುದು. ಜನ ಮಾಡುವ ತಪ್ಪೆಂದರೆ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆಯ ಮೇಲೆ ಇಟ್ಟು ಜಿಪ್ಪು ಎಳೆಯುವುದು. ಬ್ಯಾಗನ್ನು ಎಸೆದಾಗ ಬೀಳುವ ಪೆಟ್ಟೆಲ್ಲ ಹೊರಮೈಗೆ. ಆದ್ದರಿಂದ ರೊಟ್ಟಿ ಇರಬೇಕಾದದ್ದು ನಡುಮಧ್ಯದಲ್ಲಿ, ಸುತ್ತ ಚಾದರವೋ ಸ್ವೆಟರೋ ಇರುವಂತೆ. ಹಳಬರು ದಸ್ತಿಯಲ್ಲಿ ಬಿಗಿಯಾಗಿ ಕಟ್ಟುತ್ತಿದ್ದರಲ್ಲ, ಅದರ ಹಿಂದೆ ಲೆಕ್ಕವಿತ್ತು: ರೊಟ್ಟಿ ಒಂದಕ್ಕೊಂದು ಅಲುಗದಂತೆ ಒತ್ತಿ ಕೂತರೆ ಇಡೀ ಗಂಟು ಒಂದೇ ಗಟ್ಟಿ ಹಲಗೆಯಂತಾಗುತ್ತದೆ. ನಡುವೆ ಸಡಿಲ ಬಿಟ್ಟರೆ ಪ್ರತಿ ಕುಲುಕಿಗೂ ಒಂದು ರೊಟ್ಟಿ ಇನ್ನೊಂದನ್ನು ಬಡಿಯುತ್ತದೆ. ಸ್ಟೀಲ್ ಡಬ್ಬಿ ಸುರಕ್ಷಿತ ನಿಜ, ಆದರೆ ಅದರ ತೂಕಕ್ಕೆ ಇನ್ನೊಂದಿಷ್ಟು ರೊಟ್ಟಿ ಬರುತ್ತವೆ. ತೆಳು ಪ್ಲಾಸ್ಟಿಕ್ ಡಬ್ಬಿ ಸಾಕು. ಒಂದಂಗೈ ಅಗಲದ ಚಿಕ್ಕ ರೊಟ್ಟಿ ಬಡಿಸಿಕೊಂಡರೆ ಇನ್ನೂ ಒಳ್ಳೆಯದು. ಅವ್ವಂದಿರು ಒಪ್ಪುವುದು ಕಷ್ಟ. ಸಾಧ್ಯವಾದರೆ ರೊಟ್ಟಿ ಕೈಬ್ಯಾಗಿನಲ್ಲೇ ಬರಲಿ. 35 ಸೆಂಟಿಮೀಟರ್ ಅಗಲದಲ್ಲಿ ಸಾಧಾರಣ ರೊಟ್ಟಿ ಆರಾಮಾಗಿ ಮಲಗುತ್ತದೆ.

ಹಿಂಡಿ ಮಾತ್ರ ಚೆಕ್-ಇನ್‌ಗೇ ಹೋಗಲಿ. ಖಾರದ ಪುಡಿಯನ್ನು ವಿಮಾನದ ಒಳಗೆ ಬಿಡುವುದಿಲ್ಲ. ಯಾರದಾದರೂ ಕಣ್ಣಿಗೆ ಎರಚಿದರೆ ಅದೂ ಆಯುಧವೇ. ಶೇಂಗಾ ಹಿಂಡಿಯಲ್ಲಿ ಶೇಂಗಾ ಎಷ್ಟು, ಖಾರ ಎಷ್ಟು ಎಂದು ಭದ್ರತಾ ಸಿಬ್ಬಂದಿಗೆ ವಿವರಿಸುತ್ತ ನಿಲ್ಲುವ ಹೊತ್ತು ಅದಲ್ಲ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಇನ್ನೊಂದು ತೊಡಕಿದೆ: ಕೈಬ್ಯಾಗಿನಲ್ಲಿ ಸುಮಾರು 350 ಮಿಲಿಲೀಟರ್ ಮೀರಿದ ಯಾವ ಪುಡಿಯಿದ್ದರೂ ಬೇರೆಯಾಗಿ ತಪಾಸಣೆ.

ಉಪ್ಪಿನಕಾಯಿ, ತುಪ್ಪ, ಕುಸುಬಿ ಎಣ್ಣೆ ಸೋರುವುದಕ್ಕೆ ಮುಚ್ಚಳದ ದೋಷವೊಂದೇ ಕಾರಣವಲ್ಲ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯಬಹುದು. ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಭಾಗ ಅಷ್ಟೇ. ಆಗ ಬಾಟಲಿಯ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ನೂಕುತ್ತದೆ. ಮೆತ್ತನೆ ಪ್ಲಾಸ್ಟಿಕ್ ಬಾಟಲಿಯನ್ನು ಅಮುಕಿ, ಗಾಳಿ ಹೊರಗೆ ಹಾಕಿ ಮುಚ್ಚಳ ಬಿಗಿಯಬೇಕು. ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮುಚ್ಚಳ, ಆಮೇಲೆ ಎರಡು ಚೀಲ. ಕಂಪನಿಗೊಂದು ನಿಯಮ ಇರುವುದರಿಂದ ತುಪ್ಪ, ಎಣ್ಣೆಯ ವಿಷಯದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು. ಕೈಬ್ಯಾಗಿನಲ್ಲಂತೂ ವಿದೇಶಿ ಹಾರಾಟಕ್ಕೆ 100 ಮಿಲಿಲೀಟರಿನ ಮಿತಿಯಿದೆ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವರೂಪದ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ನಿಯಮ ಅದು. ಗಟ್ಟಿ ಮೊಸರೂ ಅವರ ಲೆಕ್ಕದಲ್ಲಿ ದ್ರವವೇ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ನೋಯುವುದು ಕೊಬ್ಬರಿಯ ವಿಷಯದಲ್ಲಿ. ಹೆಣ್ಣುಮಗಳು ಊರು ಬಿಡುವಾಗ ಉಡಿ ತುಂಬದೆ ಕಳಿಸುವವರು ನಮ್ಮಲ್ಲಿಲ್ಲ. ಅಕ್ಕಿ, ಉತ್ತತ್ತಿ, ಅರಿಶಿಣ ಬೇರು, ಅಡಿಕೆ, ಎಲೆ, ಒಣಕೊಬ್ಬರಿ ಬಟ್ಟಲು, ಮೇಲೊಂದು ಖಣ. ಅವಳು ಆ ಗಂಟನ್ನು ಹಾಗೇ ಬ್ಯಾಗಿಗೆ ಇಡುತ್ತಾಳೆ. ಶಂಶಾಬಾದಿನಲ್ಲಿ ಎಕ್ಸ್-ರೇ ಆದ ಮೇಲೆ ಹೆಸರು ಕೂಗುತ್ತಾರೆ, ಬ್ಯಾಗು ತೆರೆಸುತ್ತಾರೆ, ಕೊಬ್ಬರಿಯನ್ನು ತೆಗೆದು ಬುಟ್ಟಿಗೆ ಹಾಕುತ್ತಾರೆ. ಅಪಶಕುನ ಎಂದು ಅತ್ತವರಿದ್ದಾರೆ. ಕಾರಣ ಗೊತ್ತಿದ್ದರೆ ನೋವು ಸ್ವಲ್ಪ ಕಡಿಮೆಯಾದೀತು. ಒಣಕೊಬ್ಬರಿಯಲ್ಲಿ ಎಣ್ಣೆ ತುಂಬಿದೆ. ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುತ್ತ ತಾನೇ ಬಿಸಿಯಾಗುತ್ತದೆ. ರಾಶಿಯಲ್ಲಿ ಶಾಖ ಹೊರಹೋಗಲು ದಾರಿ ಸಿಗದಿದ್ದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳಬಲ್ಲದು. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ, ತಾನಾಗಿ ಉರಿಯುವ ವಸ್ತುಗಳ ಸಾಲಿನಲ್ಲಿ. ಉಡಿಯಲ್ಲಿನ ಒಂದು ಬಟ್ಟಲು ವಿಮಾನ ಸುಡುತ್ತದೆಯೇ ಎಂದರೆ ನಾನೂ ನಂಬುವುದಿಲ್ಲ. ಆದರೆ ನಿಯಮಕ್ಕೆ ರಾಶಿಯೂ ಬಟ್ಟಲೂ ಒಂದೇ. ಹಸಿ ತೆಂಗಿನಕಾಯಿಯ ಕಥೆ ಬೇರೆ. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿನ ಕಾಯಿಯನ್ನು ಕೈಯಲ್ಲೇ ಒಯ್ಯಲು 2024ರ ಅಕ್ಟೋಬರಿನಲ್ಲಿ ಕೆಲವು ತಿಂಗಳ ಮಟ್ಟಿಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತ್ತು. ಉಡಿಯ ಕೊಬ್ಬರಿಗೆ ಅಂಥ ವಿನಾಯಿತಿ ಬೇಡಿದವರನ್ನು ನಾನು ಕಂಡಿಲ್ಲ. ಅದು ಸಿಗುವವರೆಗೆ, ಉಡಿ ತುಂಬಿಸಿಕೊಂಡ ಮೇಲೆ ಕೊಬ್ಬರಿಯನ್ನು ಮನೆಯ ದೇವರ ಮುಂದೆ ಇಟ್ಟು ಹೊರಡುವುದು ಮೇಲು. ಬುಟ್ಟಿಯ ಪಾಲಾಗುವುದು ತಪ್ಪುತ್ತದೆ. ಗಾಣಗಾಪುರದ ದತ್ತಾತ್ರೇಯನ ದರ್ಶನ ಮುಗಿಸಿ ನೇರ ವಿಮಾನಕ್ಕೆ ಹೋಗುವವರು ಚೀಲದಲ್ಲಿ ಉಳಿದ ಕರ್ಪೂರವನ್ನೂ ತೆಗೆದಿಡಬೇಕು. ಅದಕ್ಕೆ ಕೈಬ್ಯಾಗು, ಚೆಕ್-ಇನ್ ಎರಡರಲ್ಲೂ ಪ್ರವೇಶವಿಲ್ಲ. ವಿಭೂತಿಗೆ ಅಡ್ಡಿಯಿಲ್ಲ.

ಕೊಬ್ಬರಿ ಹೋದರೆ ಹೋಯಿತು, ಗಸಗಸೆ ಹಾಗಲ್ಲ. ದುಬೈ, ಸೌದಿ, ಸಿಂಗಪುರ ಕಡೆ ಹೋಗುವವರು ಈ ಸಾಲನ್ನು ಎರಡು ಸಲ ಓದಬೇಕು. ನಮ್ಮಲ್ಲಿ ಕರ್ಚಿಕಾಯಿಗೂ ಉಂಡಿಗೂ ಉದುರಿಸುವ ಈ ಕಾಳು ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿ ಮಾದಕವಸ್ತುವಿನ ಕಾಯಿದೆಗೆ ಸಿಗುತ್ತದೆ. ಜೈಲಿನ ಮಾತು. ದುಬೈಗೆ ಹೊರಟವರ ಕರ್ಚಿಕಾಯಿಯ ಹೂರಣದಲ್ಲಿ ಏನು ಹಾಕಿದ್ದೀರಿ ಎಂದು ಮಾಡಿದವರನ್ನೇ ಕೇಳಿ. ಕೊಡುವವರು ಬೇಜಾರಾದರೂ ಅಡ್ಡಿಯಿಲ್ಲ. ಕೆಮ್ಮಿನ, ನೋವಿನ ಕೆಲವು ಔಷಧಿಗಳಿಗೂ ಅಲ್ಲಿ ಇದೇ ಕಟ್ಟುನಿಟ್ಟು; ವೈದ್ಯರ ಚೀಟಿ ಇಲ್ಲದೆ ಒಯ್ಯಬಾರದು, ಕೆಲವಕ್ಕೆ ಮುಂಚೆಯೇ ಅಲ್ಲಿನ ಅನುಮತಿ ಬೇಕು. ಇನ್ನು ಬೇರೆಯವರು ಕೊಡುವ ಪೊಟ್ಟಣವನ್ನು ಬಿಚ್ಚಿ ನೋಡದೆ ಬ್ಯಾಗಿಗೆ ಸೇರಿಸಬೇಡಿ, ಅವರು ಬೀಗರಾದರೂ ಸರಿ. ಆಸ್ಟ್ರೇಲಿಯಾಕ್ಕೆ ಹೋಗುವವರು ತೊಗರಿಬೇಳೆಯಿಂದ ಹಿಡಿದು ಮಸಾಲೆಯವರೆಗೆ ತಿನ್ನುವುದೆಲ್ಲವನ್ನೂ ಕಾರ್ಡಿನಲ್ಲಿ ಬರೆದು ತೋರಿಸಬೇಕು. ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಬೇಳೆ ಎಂಬ ಹೆಮ್ಮೆ ಅಲ್ಲಿನ ಅಧಿಕಾರಿಗೆ ನಾಟುವುದಿಲ್ಲ.

ಹಜ್‌ಗೆ ಹೋಗುವವರು ಸಾಮಾನು ಕಟ್ಟುವ ರೀತಿಯನ್ನು ನಾನು ಮೆಚ್ಚಿಕೊಂಡಿದ್ದೇನೆ. ನಮ್ಮ ಭಾಗದ ಯಾತ್ರಿಕರೂ ಹೆಚ್ಚಾಗಿ ಹೈದರಾಬಾದಿನಿಂದಲೇ ಹೊರಡುತ್ತಾರೆ. ಅವರ ಬ್ಯಾಗುಗಳ ಮೇಲೆ ಹೆಸರು, ಊರು, ಕವರ್ ನಂಬರು ಅಂಗೈಯಗಲದ ಅಕ್ಷರದಲ್ಲಿ ಇರುತ್ತವೆ. ನೂರಾರು ಬ್ಯಾಗುಗಳ ನಡುವೆ ಅಕ್ಷರ ಬಾರದ ಮುದುಕರೂ ತಮ್ಮದನ್ನು ಬಣ್ಣದಿಂದ ಗುರುತಿಸುತ್ತಾರೆ. ನೇರ ಮಕ್ಕಾಕ್ಕೆ ಹೋಗುವವರು ಹೊಲಿಗೆಯಿಲ್ಲದ ಇಹ್ರಾಮಿನ ಬಿಳಿ ಬಟ್ಟೆಯನ್ನು ಮರೆಯದೆ ಕೈಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಯಾತ್ರೆಗೆ ಗೊತ್ತುಮಾಡಿದ ಗಡಿ ದಾಟುವ ಮೊದಲೇ ಅದನ್ನು ಉಟ್ಟಿರಬೇಕು. ಇಳಿದ ಕೂಡಲೇ ಬೇಕಾದ್ದು ಕೈಯಲ್ಲಿ, ಉಳಿದದ್ದು ಕೆಳಗೆ. ಪ್ಯಾಕಿಂಗಿನ ಪುಸ್ತಕಗಳೂ ಇದನ್ನೇ ಹೇಳುವುದು. ಪಾಸ್‌ಪೋರ್ಟು, ಔಷಧಿ, ಬಂಗಾರ, ಒಂದು ಜೊತೆ ಬಟ್ಟೆ, ಅಂಕಪಟ್ಟಿಗಳು ಎಂದೂ ಕೆಳಗೆ ಹೋಗಬಾರದು. ಮರಳುವಾಗ ಝಮ್‌ಝಮ್ ನೀರನ್ನು ಚೆಕ್-ಇನ್ ಬ್ಯಾಗಿನೊಳಗೆ ಅಡಗಿಸಲು ಸೌದಿಯವರು ಬಿಡುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆಯಿದೆ.

2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಇರುವುದರಿಂದ ಕೇರಳ, ಒಡಿಶಾ, ಬಿಹಾರದ ಹುಡುಗರೂ ಈ ದಾರಿಯಲ್ಲಿ ಓಡಾಡುತ್ತಾರೆ. ಅವರ ಬ್ಯಾಗಿನಲ್ಲಿ ಬಟ್ಟೆಗಿಂತ ವೈರುಗಳೇ ಹೆಚ್ಚು. ಅವರಿಗೂ ಒಂದು ಮಾತು: ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಮೇಲೆ ಸಿಬ್ಬಂದಿ ಆರಿಸಬಹುದು, ಕೆಳಗೆ ಯಾರೂ ಇಲ್ಲ. 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ. ಡಬ್ಬಿಯ ಮೇಲೆ ಆ ಸಂಖ್ಯೆ ಇಲ್ಲದಿದ್ದರೆ ಮಿಲಿಆಂಪಿಯರ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000ದ್ದು 74 ಆಗುತ್ತದೆ, 27,000ದ್ದು ಅಂಚಿಗೆ ಬಂದು ನಿಲ್ಲುತ್ತದೆ. ಏಣಿಯ ಬುಡದಲ್ಲಿ ಬ್ಯಾಗು ಇಸಿದುಕೊಂಡರೆ ಪವರ್ ಬ್ಯಾಂಕನ್ನು ಕಿಸೆಗೆ ಹಾಕಿಕೊಂಡು ಬ್ಯಾಗು ಕೊಡಬೇಕು.

ಕಪ್ಪು ಸೂಟ್‌ಕೇಸುಗಳೇ ತುಂಬಿದ ಬೆಲ್ಟಿನ ಮೇಲೆ ನಿಮ್ಮದನ್ನು ಗುರುತಿಸಲು ಹಿಡಿಕೆಗೆ ಗುಳೇದಗುಡ್ಡದ ಖಣದ ಒಂದು ಚೂರು ಕಟ್ಟಿ. ಬ್ಯಾಗು ಬಾರದಿದ್ದರೆ, ಒಡೆದು ಬಂದರೆ ಅಲ್ಲೇ ಕೌಂಟರಿನಲ್ಲಿ ದೂರು ಬರೆಸಿ ಪ್ರತಿ ಪಡೆಯದೆ ಹೊರಬರಬೇಡಿ. ಅಂತರರಾಷ್ಟ್ರೀಯ ಹಾರಾಟದಲ್ಲಿ ಹಾನಿಗೆ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಬರವಣಿಗೆಯಲ್ಲಿ ಕೇಳಬೇಕೆಂದು ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ಬ್ಯಾಗು ಮುಚ್ಚುವ ಮೊದಲು ಒಳಗಿನದರ ಫೋಟೊ ಮೊಬೈಲಿನಲ್ಲಿರಲಿ.

ಚಿಗವ್ವನೂ ಆಮೇಲೊಮ್ಮೆ ನನ್ನ ಜೊತೆ ವಿಮಾನ ಹತ್ತಿದಳು, ಬೆಂಗಳೂರಿಗೆ, ಮಗಳ ಬಾಣಂತನಕ್ಕೆ. ಎಲೆ ಅಡಿಕೆಯ ಸಂಚಿಯಲ್ಲಿ ಅಡಕೊತ್ತು ಇತ್ತು. ಕೈಯಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಹೇಳಿ ಹಿಂದಿನ ರಾತ್ರಿಯೇ ಅದನ್ನು ಸೂಟ್‌ಕೇಸಿನೊಳಕ್ಕೆ, ರೊಟ್ಟಿ ಗಂಟಿನ ಪಕ್ಕಕ್ಕೆ ಸೇರಿಸಿದ್ದೆವು. "ಅಡಿಕಿ ಒಡ್ಯಾಕೂ ಹೆದರ್ತಾರೇನ್ ಇವ್ರು" ಎಂದು ಗೊಣಗಿದ್ದಳು. ಬೆಂಗಳೂರಿನಲ್ಲಿ ಇಳಿದು ಬೆಲ್ಟಿನ ಮುಂದೆ ನಿಂತಾಗ ಮಗಳು ಮೊಮ್ಮಗುವಿನ ಫೋಟೊ ಕಳಿಸಿದ್ದಳು, ತೋರಿಸಲು ಹೋದೆ. "ತಡಿಯಪ್ಪಾ" ಎಂದು ಮೊಬೈಲನ್ನು ಪಕ್ಕಕ್ಕೆ ಸರಿಸಿ, ಖಣದ ಚೂರು ಕಾಣುವವರೆಗೆ ಬೆಲ್ಟನ್ನೇ ನೋಡುತ್ತ ನಿಂತಳು. ಸೂಟ್‌ಕೇಸು ಬಂತು. ಅಲ್ಲೇ ನೆಲಕ್ಕೆ ಕೂತು ಜಿಪ್ಪು ಎಳೆದು, ಮೊದಲು ಅಡಕೊತ್ತು, ಆಮೇಲೆ ಒಂದು ರೊಟ್ಟಿ ಹೊರತೆಗೆದಳು. ಒಡೆದಿರಲಿಲ್ಲ.